ಬೆನ್ನ ಹಿಂದಿನ ಕಾವಲು

ಮರಳ ದಂಡೆಯಲ್ಲಿ ‘ಚಾಟಿ’ ಎಂದರೆ ಎಲ್ಲರಿಗೂ ಗೊತ್ತಿತ್ತು. ಊರೊಳಗೆ ಹೊಲಿಗೆ ಯಂತ್ರ ರಿಪೇರಿಯವನು ಎಂದರೆ ಗೊತ್ತಿತ್ತು. ಇಬ್ಬರೂ ಒಬ್ಬನೇ ಎಂದು ತಿಳಿದವರು ಕಡಿಮೆ. ವಾರಕ್ಕೆ ಆರು ದಿನ ಅವನು ಎಣ್ಣೆಡಬ್ಬಿ, ಸ್ಕ್ರೂಡ್ರೈವರ್ ತುಂಬಿದ ಚೀಲ ಹೆಗಲಿಗೇರಿಸಿ ಮನೆಮನೆ ಸುತ್ತುತ್ತಿದ್ದ. ಏಳನೆಯ ದಿನ, ಮಂಗಳವಾರ, ಬೆಳಗಾಗುವಾಗ ಹೆಂಡತಿಯನ್ನು ಕರೆದುಕೊಂಡು ಸಮುದ್ರಕ್ಕೆ ಹೋಗುತ್ತಿದ್ದ. ಮೂವತ್ತೊಂದು ವರ್ಷ ಹಾಗೇ ನಡೆಯಿತು. ಆಮೇಲೆ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿ ಸತ್ತ. ಆ ಹನ್ನೊಂದರಲ್ಲಿ ಮೊದಲನೆಯ ದಿನ ಹೆಂಡತಿಯ ಪಾಲಿಗೆ ಇನ್ನೂ ಮುಗಿದಿಲ್ಲ.

ಅವನು ಮೀನು ಹಿಡಿಯುವ ಬಗೆಯೇ ಬೇರೆ. ಮಿಕ್ಕವರು ಗಾಳಕ್ಕೆ ಹುಳುವೋ ಸೀಗಡಿಯೋ ಚುಚ್ಚಿ, ಸೀಸದ ಗುಂಡು ಕಟ್ಟಿ ಎಸೆದು, ಕೋಲನ್ನು ಮರಳಲ್ಲಿ ನೆಟ್ಟು ಕೂರುತ್ತಿದ್ದರು. ಇವನ ಗಾಳದಲ್ಲಿ ತಿನ್ನುವಂಥದ್ದು ಏನೂ ಇಲ್ಲ. ಕೋಳಿಗರಿ, ಆಡಿನ ಕೂದಲು, ಮಿಂಚುವ ದಾರ ಸುತ್ತಿ ಮಾಡಿದ ಬೆರಳುದ್ದದ ಗೊಂಬೆ. ನೀರಲ್ಲಿ ಎಳೆದರೆ ಮರಿಮೀನಿನ ಹಾಗೆ ಬಳುಕುತ್ತದೆ. ಊದಿದರೆ ಹಾರುವಷ್ಟು ಹಗುರ. ಅಂಥದ್ದನ್ನು ಎಸೆಯಲಾಗುವುದಿಲ್ಲ. ಅದಕ್ಕೇ ದಾರವನ್ನೇ ದಪ್ಪ ಮಾಡಿರುತ್ತಾರೆ. ಕೋಲು ಬೀಸಿ ಆ ದಾರವನ್ನು ಮೊದಲು ಬೆನ್ನ ಹಿಂದೆ ಹಾರಿಸಬೇಕು. ಗಾಳಿಯಲ್ಲಿ ಅದು ಪೂರ್ತಿ ನೆಟ್ಟಗಾಗುವ ತನಕ ತಡೆಯಬೇಕು. ಆಮೇಲೆ ಮುಂದಕ್ಕೆ ಹೊಡೆಯಬೇಕು. ಮುಂದೆ ಎಷ್ಟು ಮಾರು ಹೋಗುತ್ತದೋ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಮಾರು. ನೋಡಿದವರಿಗೆ ಎತ್ತಿಲ್ಲದೆ ಚಾಟಿ ಬೀಸುವ ಹಾಗೆ ಕಾಣುತ್ತಿತ್ತು. ಹೆಸರು ಬಂದದ್ದು ಹಾಗೆ.

“ಯಾಕಯ್ಯಾ ಸಮುದ್ರಕ್ಕೆ ಹೊಡೀತೀಯ? ಅದೇನು ತಪ್ಪು ಮಾಡ್ತು ಪಾಪ?” ಎಂದು ಗೂಟ ಕೇಳುತ್ತಿದ್ದ. ಗೂಟ ಎಂದರೆ ಹುಳು ಹಾಕಿ ಹಿಡಿಯುವವರಲ್ಲಿ ಒಬ್ಬ, ಚಾಟಿಯ ಗೆಳೆಯ. ಕೋಲಿಗೊಂದು ಗೂಟ ಹೊಡೆದು, ಪಕ್ಕದಲ್ಲಿ ತಾನೂ ಒಂದು ಗೂಟದ ಹಾಗೆ ಕೂತು ನಿದ್ದೆ ಹೋಗುತ್ತಿದ್ದ.

“ನೀನು ಮಲಗಿದಲ್ಲೇ ಹಿಡೀತೀಯ, ನಾನು ಕೆಲಸ ಮಾಡಿ ಹಿಡೀತೀನಿ. ಅಷ್ಟೇ ವ್ಯತ್ಯಾಸ.”

“ಹಿಡಿದ್ರೆ ತಾನೇ.”

ಗೂಟನ ಮಾತು ಸುಳ್ಳಲ್ಲ. ನಾಲ್ಕು ಸಲ ಹೋದರೆ ಒಂದು ಸಲ ಮೀನು. ಸಿಕ್ಕರೂ ಒಂದೋ ಎರಡೋ.

ಅವನಿಗೆ ಈ ವಿದ್ಯೆ ಹತ್ತಿಸಿದವನು ಹಡಗಿನಲ್ಲಿ ಅಡುಗೆಯವನಾಗಿದ್ದ ಒಬ್ಬ ಮುದುಕ. ಮುದುಕನ ಮನೆಗೆ ಯಂತ್ರ ರಿಪೇರಿಗೆ ಹೋದವನು ಗೋಡೆಯ ಮೇಲಿನ ಕೋಲು ನೋಡಿ ಕೇಳಿದನಂತೆ. ಕೇಳಿದ್ದೇ ತಪ್ಪಾಯಿತು. ಮುದುಕ ಸಾಯುವಾಗ ಕೋಲು ಇವನಿಗೇ ಬಿಟ್ಟು ಹೋದ. ಗೊಂಬೆಗಳನ್ನು ಅವನು ಮನೆಯಲ್ಲೇ ಕಟ್ಟುತ್ತಿದ್ದ. ಹಳೆಯ ಯಂತ್ರದಲ್ಲಿ ಬಟ್ಟೆ ಒತ್ತಿಹಿಡಿಯುವ ಕಾಲೊಂದನ್ನು ಮೇಜಿಗೆ ಬಿಗಿದು, ಅದರ ಹಲ್ಲಿಗೆ ಕೊಕ್ಕೆ ಸಿಕ್ಕಿಸಿ, ಕನ್ನಡಕ ಹಣೆಗೇರಿಸಿ, ಉಸಿರು ಬಿಗಿಹಿಡಿದು ದಾರ ಸುತ್ತುತ್ತಿದ್ದ. ಮನೆಯೆಲ್ಲ ಗರಿ. ಒಂದು ಸಂಜೆ ಹೆಂಡತಿಯ ತಲೆ ದಿಟ್ಟಿಸಿ ನೋಡಿದ.

“ನಿನ್ನ ನರೆಕೂದಲು ಮೀನಿನ ಹೊಟ್ಟೆ ಥರ ಹೊಳೀತಿದೆ ಕಣೇ. ಎರಡು ಎಳೆ ಕೊಡು.”

“ಒಂದು ಕಿತ್ರೆ ನಾಲ್ಕು ಬರುತ್ತಂತೆ.”

“ಬರ್ಲಿ ಬಿಡು. ನಂಗೆ ಒಳ್ಳೇದೇ.”

ಕೊಟ್ಟಳು. ಅವನ ಹೊಗಳಿಕೆ ಎಂದರೆ ಇಷ್ಟೇ. ಅವಳು ವಸತಿಗೃಹವೊಂದರ ಬಟ್ಟೆಕೋಣೆಯಲ್ಲಿ ಹಾಸಿಗೆ ವಸ್ತ್ರಗಳಿಗೆ ಇಸ್ತ್ರಿ ಹಾಕುವ ಕೆಲಸದವಳು. ದಿನವಿಡೀ ಬಿಳಿ ಬಟ್ಟೆ, ಬಿಸಿ ಹಬೆ. ಓದು ಬರಹ ಮೂರನೇ ತರಗತಿಗೆ ನಿಂತಿತ್ತು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಅವಳು ಸಮುದ್ರಕ್ಕೆ ಹೋಗತೊಡಗಿದ್ದಕ್ಕೆ ಕಾರಣ ಒಬ್ಬನ ಕಿವಿ. ಮದುವೆಯಾದ ಎರಡನೇ ತಿಂಗಳು ಅವನು ಒಬ್ಬನೇ ಹೋಗಿ ಬೀಸುತ್ತಿದ್ದಾಗ, ಹಿಂದೆ ಯಾರೋ ನಡೆದು ಹೋಗುತ್ತಿದ್ದರು. ಕೊಕ್ಕೆ ಆ ಮನುಷ್ಯನ ಕಿವಿಗೆ ಸಿಕ್ಕಿಕೊಂಡಿತು. ಇವನು ದೊಡ್ಡ ಮೀನೇ ಬಿತ್ತು ಎಂದು ಎಳೆದ. ಹಿಂದೆ ಮೀನು ಎಲ್ಲಿಂದ ಬರಬೇಕು! ಅವತ್ತು ಮನೆಗೆ ಬಂದವನು ಮುಖ ತೊಳೆಯಲಿಲ್ಲ, ಊಟ ಮಾಡಲಿಲ್ಲ. ಕೋಲು ಮಾರಿಬಿಡುತ್ತೇನೆ ಎಂದ.

“ಹಿಂದೆ ನೋಡೋಕೆ ಒಬ್ಬರಿದ್ರೆ ಆಯ್ತಲ್ಲ,” ಎಂದಳು ಅವಳು. “ನಾನು ಬರ್ತೀನಿ.”

ಅಂದಿನಿಂದ ಕಾವಲು ಅವಳದು. ಅವನು ಮೊಣಕಾಲುದ್ದ ನೀರಲ್ಲಿ ಸಮುದ್ರಕ್ಕೆ ಮುಖಮಾಡಿ ನಿಲ್ಲುತ್ತಾನೆ. ಸೊಂಟಕ್ಕೆ ಪ್ಲಾಸ್ಟಿಕ್ ಟಬ್ಬು, ಎಳೆದ ದಾರ ಅಲೆಗೆ ಸಿಕ್ಕದೆ ಅದರೊಳಗೆ ಬೀಳಲಿ ಎಂದು. ಅವಳು ದಂಡೆಯ ಮೇಲೆ, ದಾರ ತಾಗದಷ್ಟು ಬಲಕ್ಕೆ ಸರಿದು, ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ರಸ್ತೆಗೆ ಮುಖಮಾಡಿ ಕೂರುತ್ತಾಳೆ. ಯಾರಾದರೂ ನಡೆದು ಬಂದರೆ “ಜನ!” ಎಂದು ಕೂಗುತ್ತಾಳೆ. ಅವನು ದಾರ ನೀರಿಗೆ ಬಿಟ್ಟು ನಿಲ್ಲುತ್ತಾನೆ. ಅವರು ದಾಟಿದ ಮೇಲೆ “ಹೋಯ್ತು” ಎನ್ನುತ್ತಾಳೆ. ಅವನು ಮತ್ತೆ ಬೀಸುತ್ತಾನೆ. ಮುಂಜಾನೆಯೆಲ್ಲ ಗಂಡ ಹೆಂಡಿರ ನಡುವೆ ಈ ಎರಡೇ ಮಾತು.

“ಬೆನ್ನಿಗೆ ಬೆನ್ನು ಹಾಕ್ಕೊಂಡು ಸಂಸಾರ ಮಾಡೋರನ್ನ ಇಲ್ಲೇ ನೋಡಿದ್ದು ಕಣಕ್ಕಾ,” ಎಂದು ಗೂಟ ನಗುತ್ತಿದ್ದ.

“ಮುಖ ನೋಡ್ಕೊಂಡು ಮಾಡಿದೋರೆಲ್ಲ ಏನು ಕಿತ್ತು ಗುಡ್ಡೆ ಹಾಕಿದ್ರು?” ಎನ್ನುತ್ತಿದ್ದಳು ಅವಳು.

ಮೂವತ್ತೊಂದು ವರ್ಷದಲ್ಲಿ ಅವನು ಮೀನು ಎಳೆಯುವುದನ್ನು ಅವಳು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಆದರೆ ಕಿವಿಗೆ ಎಲ್ಲ ಗೊತ್ತಿತ್ತು. ದಾರ ಹಿಂದೆ ಬರುವಾಗ ಒಂದು ಸುಯ್, ತುಸು ಮೌನ, ಮುಂದೆ ಹೋಗುವಾಗ ಇನ್ನೊಂದು ಸುಯ್. ನೀರಿಗೆ ಇಳಿದದ್ದು ಕೇಳಿಸಬಾರದು. ಕೇಳಿಸಿದರೆ ಬೀಸು ಕೆಟ್ಟಿತು ಎಂದರ್ಥ. ಸುಯ್ ಎನ್ನುವುದು ನಿಂತೇಹೋದರೆ ಎರಡೇ ಕಾರಣ. ಒಂದು, ಮೀನು. ಆಗ ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಭಾಷಣಕ್ಕೆ ನಿಂತವನ ಹಾಗೆ. ಎರಡು, ದಾರ ಟಬ್ಬಿನಲ್ಲಿ ಗೋಜಲಾಗಿದೆ, ಗಂಟು ಬಿಡಿಸುತ್ತಿದ್ದಾನೆ. ಗಂಟು ಬಿಡಿಸುವವನನ್ನು ಮಾತಾಡಿಸಬಾರದು. ಮದುವೆಯಾದ ಹೊಸತರಲ್ಲಿ ಒಮ್ಮೆ ಮಾತಾಡಿಸಿದ್ದಳು. ವಾರವಿಡೀ ಮುಖ ಊದಿಸಿಕೊಂಡಿದ್ದ. ಆಮೇಲೆ ಆ ತಪ್ಪು ಮಾಡಲಿಲ್ಲ.

ಆ ದಿನ ಅವರು ದಂಡೆ ತಲುಪಿದಾಗ ಆಗಷ್ಟೇ ಬೆಳಕು ಬರುತ್ತಿತ್ತು. ಆರಕ್ಕೆ ಹತ್ತು ನಿಮಿಷವಿತ್ತು. ಅವನು ಟಬ್ಬು ಕಟ್ಟಿಕೊಂಡ. ಹಿಂದಿನ ಗಂಟು ಅವಳು ಬಿಗಿದಳು. “ನಡು ದಪ್ಪ ಆಗಿದೆ,” ಎಂದಳು. “ನಿನ್ನ ಕಣ್ಣು ದಪ್ಪ ಆಗಿದೆ,” ಎಂದ. ನೀರಿಗಿಳಿದ. ಅವಳು ತಿರುಗಿ ಕೂತಳು.

ಆರೂವರೆಗೆ ನಿವೃತ್ತ ಅಂಚೆಯವನು ನಡೆದು ಹೋದ. ಅವನು ಗಡಿಯಾರವಿದ್ದಂತೆ. ಅವನು ದಾಟಿದ ಮೇಲೆ ಒಂದೇ ಒಂದು ಸಲ ದಾರ ಪಟಾರ್ ಎಂದು ನೀರಿಗೆ ಹೊಡೆಯಿತು. ಗಾಳಿ ಇರಬೇಕು ಎಂದುಕೊಂಡಳು. ಮತ್ತೆ ಸುಯ್, ಮೌನ, ಸುಯ್. ಎಂಟಕ್ಕೆ ಕಾರ್ಖಾನೆಯ ಸೈರನ್ ಕೂಗಿತು. ಫ್ಲಾಸ್ಕ್ ತೆಗೆದು “ಟೀ ಬೇಕಾ?” ಎಂದು ಕೂಗಿದಳು. ಅವನು ಉತ್ತರ ಕೊಡಲಿಲ್ಲ. ಮೀನು ಹತ್ತಿರ ಸುಳಿದರೆ ಅವನಿಗೆ ಟೀಯೂ ಬೇಡ, ಹೆಂಡತಿಯೂ ಬೇಡ. ತಾನೊಬ್ಬಳೇ ಕುಡಿದು ಮುಚ್ಚಳ ತಿರುಪಿದಳು. ಒಂಬತ್ತಕ್ಕೆ ಶಾಲೆಯ ಗಂಟೆ ಹೊಡೆಯಿತು. ಅದಾದ ಮೇಲೆ ಇಬ್ಬರು ಹೆಂಗಸರು ಕೂಸಿನ ಗಾಡಿ ತಳ್ಳಿಕೊಂಡು ಬಂದರು. ಗಾಡಿಯ ಚಕ್ರ ಮರಳಲ್ಲಿ ಹೂತು ಅವರು ಪಡಬಾರದ ಪಾಡು ಪಡುತ್ತಿದ್ದರು. “ಜನ!” ಎಂದಳು. ದಾರದ ಸದ್ದು ನಿಂತಿತು. ಅವರು ದಾಟಲು ಬಹಳ ಹೊತ್ತಾಯಿತು. “ಹೋಯ್ತು,” ಎಂದಳು. ಸುಯ್ ಎಂದಿತು.

ಅದಾಗಿ ಕಾಲು ಗಂಟೆ ಬೀಸಿದ. ಆಮೇಲೆ ಸದ್ದು ನಿಂತಿತು.

ಗಂಟಲು ಸರಿಮಾಡಿಕೊಂಡದ್ದು ಕೇಳಲಿಲ್ಲ. ಹಾಗಾದರೆ ಗಂಟು ಬಿದ್ದಿದೆ. ಅವಳು ಸುಮ್ಮನೆ ಕೂತಳು. ಕಾಲಿನಿಂದ ಮರಳು ಗೀಚಿದಳು. ಸೆರಗಿನ ದಾರ ಕಿತ್ತುಬಂದಿತ್ತು, ಅದನ್ನು ಹಲ್ಲಿನಿಂದ ಕಡಿದಳು. ಈ ಸಲ ಗಂಟು ದೊಡ್ಡದೇ ಇರಬೇಕು ಎಂದುಕೊಂಡಳು.

ಆಗಷ್ಟೇ ಕೋಲು ಹೆಗಲಿಗಿಟ್ಟು ರಸ್ತೆ ಇಳಿದು ಬಂದ ಗೂಟ ಅವಳನ್ನು ನೋಡಿ ನಕ್ಕ. ಅವಳ ಹೆಗಲಾಚೆ ನೋಡಿದ. ನಗು ಅಲ್ಲೇ ಒಣಗಿತು.

“ಅಕ್ಕಾ, ಅವನು ಯಾಕೆ ನೀರಲ್ಲಿ ಕೂತಿದ್ದಾನೆ?”

ಅವಳು ತಿರುಗಿದಳು. ಅವನು ಅಲೆಯಲ್ಲಿ ಒಂದು ಬದಿಗೆ ವಾಲಿ ಕೂತಿದ್ದ. ಟಬ್ಬು ತೇಲುತ್ತಿತ್ತು. ಬಾಯಿ ಬಲಗಡೆ ಜೋತಿತ್ತು. ಕಣ್ಣು ತೆರೆದಿತ್ತು. ದಂಡೆಯ ಕಡೆಗೇ ನೋಡುತ್ತಿತ್ತು, ಅವಳ ಬೆನ್ನ ಕಡೆಗೆ.

ಗೂಟ ಹೊತ್ತು ತಂದ. ಆಂಬುಲೆನ್ಸ್ ಬರಲು ಹೊತ್ತಾಯಿತು, ರೈಲ್ವೆ ಗೇಟು ಹಾಕಿತ್ತಂತೆ. ಆಸ್ಪತ್ರೆ ಮುಟ್ಟಿ, ತಲೆಯ ಚಿತ್ರ ತೆಗೆದು, ಡಾಕ್ಟರು ಹೊರಗೆ ಬಂದಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತು. ಡಾಕ್ಟರು ಹುಡುಗಿ. ಕಣ್ಣ ಕೆಳಗೆ ಕಪ್ಪು. ಒರಟು ಮಾತಲ್ಲ, ಅವಸರದ ಮಾತು.

“ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಅಮ್ಮ. ಅದನ್ನ ಕರಗಿಸೋ ಇಂಜೆಕ್ಷನ್ ಇದೆ. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೇ ಕೊಡಬೇಕು. ತಡವಾದ್ರೆ ಒಳಗೆ ರಕ್ತ ಸೋರಿ ಜೀವಕ್ಕೇ ಅಪಾಯ. ಅವರು ಚೆನ್ನಾಗಿದ್ದಿದ್ದನ್ನ ನೀವು ಕೊನೇದಾಗಿ ನೋಡಿದ್ದು ಎಷ್ಟು ಹೊತ್ತಿಗೆ?”

“ಆರಕ್ಕೆ ಮುಂಚೆ. ನೀರಿಗಿಳಿಯುವಾಗ.”

“ಆಮೇಲೆ?”

“ಆಮೇಲೆ ನೋಡ್ಲಿಲ್ಲ.”

“ಜೊತೇಲೇ ಇದ್ರಿ ಅಂದ್ರಲ್ಲ?”

“ಜೊತೇಲೇ ಇದ್ದೆ. ಆ ಕಡೆ ತಿರುಗಿ ಕೂತಿದ್ದೆ.”

ಡಾಕ್ಟರು ಅವಳ ಮುಖ ನೋಡಿದಳು. ಜಗಳವಾಗಿತ್ತೇನೋ ಎಂದುಕೊಂಡಿರಬೇಕು.

“ಒಂಬತ್ತು ದಾಟಿದ ಮೇಲೂ ಚೆನ್ನಾಗೇ ಇದ್ರು,” ಎಂದಳು ಅವಳು. “ದಾರದ ಸದ್ದು ಕೇಳ್ತಿತ್ತು. ಕೈಯಲ್ಲಿ ಬಲ ಇಲ್ದೆ ಆ ಸದ್ದು ಬರಲ್ಲ.”

“ಸದ್ದು ಸಾಲಲ್ಲ ಅಮ್ಮ. ನೆನಪು ಮಾಡ್ಕೊಳ್ಳಿ. ಬೆಳಗ್ಗೆಯಿಂದ ಏನಾದ್ರೂ ಬೇರೆ ಥರ ಆಯ್ತಾ? ದಿನಾ ಇರೋ ಹಾಗಲ್ಲದೆ, ಸಣ್ಣದಾದ್ರೂ ಪರವಾಗಿಲ್ಲ.”

ಅವಳು ನೆನಪು ಮಾಡಿಕೊಂಡಳು. ಕೇಳಿದ್ದಕ್ಕೆ ನಿಜ ಹೇಳಬೇಕು, ನಿಜ ಹೇಳಿದರೆ ಗಂಡ ಉಳಿಯುತ್ತಾನೆ ಎಂದು ನಂಬಿದ್ದಳು. ಅಂಚೆಯವನು ದಾಟಿದ ಮೇಲೆ ಒಂದು ಸಲ ದಾರ ನೀರಿಗೆ ಹೊಡೆಯಿತು ಎಂದಳು. ಅವನ ಕೈಯಲ್ಲಿ ಹಾಗಾಗುವುದು ಅಪರೂಪ ಎಂದಳು. ಎಂಟಕ್ಕೆ ಟೀ ಬೇಕಾ ಎಂದು ಕೇಳಿದೆ, ಮಾತಾಡಲಿಲ್ಲ ಎಂದಳು.

“ಮಾತಾಡ್ಲಿಲ್ವಾ?”

“ಇಲ್ಲ. ಕೆಲವು ಸಲ ಮಾತಾಡಲ್ಲ.”

ಡಾಕ್ಟರು ಕಾಗದದಲ್ಲಿ ಬರೆದುಕೊಂಡಳು. ಕೈ ತಪ್ಪಿದ್ದು ಆರೂವರೆ. ಮಾತು ಇಲ್ಲದ್ದು ಎಂಟು. ದೊಡ್ಡ ಡಾಕ್ಟರಿಗೆ ಫೋನು ಮಾಡಿದಳು. ಗೋಡೆಯ ಕಡೆ ತಿರುಗಿ ಮೆಲ್ಲಗೆ ಮಾತಾಡಿದಳು. ಫೋನಿಟ್ಟು ಬಂದಳು.

“ಆರೂವರೆಗೇ ಶುರುವಾಗಿರಬಹುದು ಅಂತಾರೆ. ಹನ್ನೊಂದಕ್ಕೆ ಹೊತ್ತು ಮುಗೀತು. ಈಗ ಕೊಟ್ರೆ ನಾವೇ ಕೊಂದ ಹಾಗಾಗುತ್ತೆ.”

“ಆಮೇಲೆ ಮೂರು ಗಂಟೆ ಬೀಸಿದ್ದಾರೆ ತಾಯಿ. ಬಲಗೈಯಲ್ಲೇ.”

“ನೋಡಿದ್ರಾ?”

“ಇಲ್ಲ.”

ಅವನ ತಂಗಿ ಅಷ್ಟರಲ್ಲಿ ಓಡಿ ಬಂದಿದ್ದಳು. ಗೂಟನಿಂದ ವಿಷಯವೆಲ್ಲ ಕೇಳಿ, ಅತ್ತಿಗೆಯನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದಳು.

“ಅತ್ತಿಗೆ, ನಿಮಗೆ ಬುದ್ಧಿ ಇದೆಯಾ? ಒಂಬತ್ತೂವರೆಗೆ ನೋಡಿದೆ ಅನ್ನಿ. ಒಂದು ಮಾತು. ನಾಲಿಗೆ ಸವೆದು ಹೋಗುತ್ತಾ?”

“ನೋಡಿಲ್ವಲ್ಲೇ.”

“ನಿಮ್ಮ ಸತ್ಯ ತಗೊಂಡು ಉಪ್ಪಿನಕಾಯಿ ಹಾಕಿ! ನನ್ನಣ್ಣ ಒಳಗೆ ಸಾಯ್ತಿದ್ದಾನೆ.”

ಅವಳು ಹೋದಳು. “ನೋಡಿದೆ. ಒಂಬತ್ತೂವರೆಗೆ ತಿರುಗಿ ನೋಡಿದೆ, ಚೆನ್ನಾಗಿದ್ರು,” ಎಂದಳು. ಹುಟ್ಟಿದಾರಭ್ಯ ಸುಳ್ಳು ಹೇಳಿದವಳಲ್ಲ ಎಂದೇನಲ್ಲ. ಆದರೆ ಈ ಸುಳ್ಳು ಹೇಳುವಾಗ ನೆಲ ನೋಡಿದಳು. ಡಾಕ್ಟರು ಬಯ್ಯಲಿಲ್ಲ. ಅವಳ ಕೈ ಹಿಡಿದು, “ಅಮ್ಮ, ಈಗಷ್ಟೇ ನೋಡಿಲ್ಲ ಅಂದ್ರಿ. ನಾನು ಇದನ್ನ ನಂಬಿ ಕೊಟ್ಟು, ರಕ್ತ ಸೋರಿದ್ರೆ?” ಎಂದಳು. ಇಂಜೆಕ್ಷನ್ ಕೊಡಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಅವನನ್ನು ವಾರ್ಡಿಗೆ ತಂದರು. ಅವಳು ಸ್ಟೂಲಿನ ಮೇಲೆ ಕೂತಿದ್ದಳು. ವಾರ್ಡಿನ ಆಯಾ ಊಟದ ಗಾಡಿ ತಳ್ಳಿಕೊಂಡು ಬಂದಳು. ಗಾಡಿಯ ಚಕ್ರ ಬಾಗಿಲ ಹೊಸ್ತಿಲಿಗೆ ಸಿಕ್ಕಿತು. ಆಯಾ ಅದನ್ನು ಎತ್ತಿ ದಾಟಿಸುತ್ತಾ ಬಯ್ದಳು. ಹೆಂಡತಿ ಸ್ಟೂಲಿನಿಂದ ಎದ್ದು ನಿಂತಳು.

ಕೂಸಿನ ಗಾಡಿ. ಒಂಬತ್ತರ ಗಂಟೆ ಹೊಡೆದ ಮೇಲೆ. ತಾನು “ಜನ” ಎಂದೆ, ಅವನು ನಿಲ್ಲಿಸಿದ. “ಹೋಯ್ತು” ಎಂದೆ, ಮತ್ತೆ ಬೀಸಿದ. ಕಿವಿ ಕೇಳುತ್ತಿತ್ತು. ಮಾತು ತಿಳಿಯುತ್ತಿತ್ತು. ಕೈ ಆಡುತ್ತಿತ್ತು. ಒಂಬತ್ತು ದಾಟಿದ ಮೇಲೆ!

ಓಡಿದಳು. ಮೆಟ್ಟಿಲಲ್ಲಿ ಚಪ್ಪಲಿ ಜಾರಿತು, ಬಿಟ್ಟಳು. ಡಾಕ್ಟರು ಇನ್ನೊಬ್ಬ ರೋಗಿಯ ಹತ್ತಿರವಿದ್ದಳು. ಅವಳು ನಡುವೆ ನುಗ್ಗಿ ಒಂದೇ ಉಸಿರಿಗೆ ಹೇಳಿದಳು. ಡಾಕ್ಟರು ಕೇಳುತ್ತಾ ಕೇಳುತ್ತಾ ಮೆಲ್ಲಗೆ ಪಕ್ಕದ ಮಂಚದ ಅಂಚಿಗೆ ಕೂತಳು.

“ಬೆಳಗ್ಗೆ ಯಾಕೆ ಹೇಳ್ಲಿಲ್ಲ ಅಮ್ಮ ಇದನ್ನ?”

“ಬೇರೆ ಥರ ಏನಾಯ್ತು ಅಂತ ಕೇಳಿದ್ರಿ. ಇದು ದಿನಾ ಆಗೋದು.”

“ಹೇಳಿದ್ರೆ ಕೊಡ್ತಿದ್ರಾ?” ಎಂದು ಮತ್ತೆ ತಾನೇ ಕೇಳಿದಳು.

“ಕೊಡ್ತಿದ್ವೇನೋ.”

“ಕೊಟ್ಟಿದ್ರೆ ಉಳೀತಿದ್ರಾ?”

“ಹೇಳಕ್ಕಾಗಲ್ಲ.”

“ಈಗ ಕೊಡಿ.”

ಡಾಕ್ಟರು ತಲೆ ಆಡಿಸಿದಳು. ಗೋಡೆಯ ಗಡಿಯಾರ ನೋಡಲೂ ಇಲ್ಲ. “ತಪ್ಪು ನಂದು. ನಾನು ಕೇಳಬೇಕಿತ್ತು,” ಎಂದಳು.

ಯಾರಾದರೂ ತನ್ನನ್ನು ಬಯ್ಯಬೇಕು ಎಂದು ಅವಳಿಗೆ ಆಸೆಯಿತ್ತು. ಯಾರೂ ಬಯ್ಯಲಿಲ್ಲ. ನಾದಿನಿ ಕೂಡ, ಅದನ್ನು ಕೇಳಿ, ಹಣೆ ಚಚ್ಚಿಕೊಂಡಳು, ಅಷ್ಟೇ. ಗೂಟ ದಿನಾ ಬಂದು ಮಂಚದ ಕಾಲ ಬಳಿ ನಿಲ್ಲುತ್ತಿದ್ದ. “ನಾನು ಇನ್ನೊಂದು ಗಳಿಗೆ ಮುಂಚೆ ಎದ್ದಿದ್ರೆ,” ಎನ್ನುತ್ತಿದ್ದ. ಹಾಗೆ ನೋಡಿದರೆ ಎಲ್ಲರ ಕೈಯಲ್ಲೂ ಒಂದೊಂದು ಗಳಿಗೆ ಇತ್ತು. ಕೂಡಿಸಿದರೂ, ಕೂಸಿನ ಗಾಡಿ ದಾಟಿದ ಮೇಲೆ ಅವನು ಬೀಸಿದ ಆ ಕಾಲು ಗಂಟೆ ಮರಳಿ ಬರುವ ಹಾಗಿರಲಿಲ್ಲ.

ಅವನಿಗೆ ಮಾತು ಹೋಗಿತ್ತು. ಬಲಗೈ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಎಡಗೈ ಆಡುತ್ತಿತ್ತು, ಕಣ್ಣು ಆಡುತ್ತಿತ್ತು. ಅವಳು ಆಸ್ಪತ್ರೆಯ ಹಾಸಿಗೆ ವಸ್ತ್ರ ಎಳೆದು ನೆಟ್ಟಗೆ ಮಾಡುತ್ತಿದ್ದಳು. ಸುಕ್ಕು ಉಳಿದರೆ ಬೆನ್ನು ಹುಣ್ಣಾಗುತ್ತದೆ. ಆ ಒಂದು ಕೆಲಸ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಗಂಟೆಗೊಮ್ಮೆ ಎಳೆಯುತ್ತಿದ್ದಳು. ನರ್ಸು, “ಇಷ್ಟು ಸಲ ಬೇಡಮ್ಮ,” ಎಂದಳು. ಅವಳು ಕೇಳಲಿಲ್ಲ.

ಆರನೆಯ ದಿನ ಬೆಳಗ್ಗೆ ಅವನ ಕಣ್ಣು ಸ್ವಚ್ಛವಾಗಿತ್ತು. ಅವಳನ್ನೇ ನೋಡುತ್ತಿದ್ದ. ಹೇಳಿಬಿಡಬೇಕು ಎನಿಸಿತು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ.

“ಇಲ್ನೋಡಿ. ಇಂಜೆಕ್ಷನ್ ಇತ್ತು. ಹೊತ್ತು ಎಷ್ಟು ಅಂತ ಕೇಳಿದ್ರು. ನಾನು ಬೇಡದ್ದೆಲ್ಲ ಹೇಳ್ದೆ, ಆ ಗಾಡಿ ವಿಷಯ ಮರೆತೆ. ಅದಕ್ಕೇ ಕೊಡ್ಲಿಲ್ಲ. ನೀವು ನೀರಲ್ಲಿ ಕೂತಾಗ್ಲೂ ನಾನು ತಿರುಗ್ಲಿಲ್ಲ. ಗಂಟು ಬಿಡಿಸ್ತಿದ್ದೀರ ಅಂದ್ಕೊಂಡೆ.”

ಅವನು ಎಡಗೈ ಚಾಚಿ ಅವಳ ಕೈ ಹಿಡಿದ. ಗಟ್ಟಿಯಾಗಿ ಅದುಮಿದ. ಅವಳ ಕಣ್ಣು ತುಂಬಿತು.

“ಗೊತ್ತಾಯ್ತಾ?”

ಅದುಮಿದ.

“ನನ್ನ ಮೇಲೆ ಸಿಟ್ಟಿಲ್ವಾ?”

ಅದುಮಿದ. ಎದೆ ಹಗುರಾಯಿತು ಎನ್ನುವಷ್ಟರಲ್ಲಿ ಅವಳಿಗೆ ಒಂದು ಅನುಮಾನ ಬಂತು. ಬರಬಾರದಿತ್ತು, ಬಂತು.

“ಸಿಟ್ಟಿದೆಯಾ?”

ಅದುಮಿದ, ಅಷ್ಟೇ ಗಟ್ಟಿಯಾಗಿ.

“ನಾನು ಯಾರು ಗೊತ್ತಾ? ನಾನು ಗೂಟ.”

ಅದುಮಿದ. ಕಣ್ಣು ಅದೇ ಸ್ವಚ್ಛ ಕಣ್ಣು.

ಅವಳು ಅವನ ಹಿಡಿತ ಸಡಿಲವಾಗುವ ತನಕ ಕಾದು, ಕೈ ಬಿಡಿಸಿಕೊಂಡು, ಅವನ ಬಾಯಂಚಿನ ಜೊಲ್ಲು ಒರೆಸಿದಳು. ಮಂಚದ ಆ ಬದಿಗೆ ಹೋಗಿ ಬಟ್ಟೆ ಎಳೆದಳು. ಇನ್ನೂ ಐದು ದಿನ ಇದ್ದ. ಆ ಐದು ದಿನವೂ ಯಾರು ಏನು ಕೇಳಿದರೂ, ಕೇಳದಿದ್ದರೂ, ಕೈ ಕೊಟ್ಟವರ ಕೈ ಹಿಡಿದು ಅದುಮುತ್ತಿದ್ದ. ನೋಡಲು ಬಂದವರು, “ಎಷ್ಟು ಚೆನ್ನಾಗಿ ಗುರುತು ಹಿಡೀತಾರೆ,” ಎಂದು ಸಂತೋಷಪಟ್ಟು ಹೋಗುತ್ತಿದ್ದರು. ಅವಳು ಹೂಂ ಎನ್ನುತ್ತಿದ್ದಳು.